ಮೂಗುಬೊಟ್ಟು ಇಲ್ಲದ ಗಲ್ಲ

ಅಲ್ಲ, ಅಲ್ಲ, ಮೂಗು ಬ್ಯಾಡ. ಮೂಗು ಬರಬಾರದು ಅಂತನ ನಾ ಹೇಳಿದ್ದು, ಮೌಲಾಲಿ ಸಾಹೇಬ್ರ. ಬರೇ ಗಲ್ಲ. ಕಣ್ಣಿನ ಕೆಳಗಿಂದ ಗದ್ದದ ತನಕ. ಈ ಕಡಿ ಕಿವಿ ಬಂದ್ರ ಬರಲಿ, ಆ ಕಡಿ ಮೂಗು ಶುರು ಆಗೂದ್ರಾಗ ಕತ್ತರಿಸಿಬಿಡ್ರಿ. ಯಾಕ ಅಂದ್ರ... ಯಾಕ ಏನು? ನಮ್ಮ ಮುಲಾಮು ಗಲ್ಲಕ್ಕ ಹಚ್ಚೂದು. ಡಬ್ಬಿ ಮ್ಯಾಲ ಮೂಗು ಹಾಕಿದ್ರ ಮಂದಿ ನಶ್ಯ ಅಂತ ತಿಳಕೊಂಡು ಏರಿಸಿಬಿಡತಾರ.

ನಗ್ರಿ, ನಗ್ರಿ. ಆದ್ರ ಬಾಯಾಗ ಪೆನ್ಸಿಲ್ ಕಚ್ಚಿಕೊಂಡು ನಗಬ್ಯಾಡ್ರಿ, ಚುಚ್ಚೀತು. ನೀವು ಆ ಮದುವಿ ಮಂದಿ ಫೋಟೋದ ಗಾಜಿನ ಪ್ಲೇಟು ತಿದ್ದೂದು ತಿದ್ದಕೋತ ಇರ್ರಿ. ಮಾತಾಡಬ್ಯಾಡ್ರಿ, ಕೈ ಅಲಗ್ಯಾಡತೈತಿ. ನಾ ಹೇಳತೀನಿ, ನೀವು ಕೇಳಿದ್ರ ಸಾಕು. ಗುಂತಕಲ್ ಗಾಡಿಗೆ ಇನ್ನಾ ಎರಡು ತಾಸು ಐತಿ. ಆ ಗಾಡಿಗೆ ಎರಡು ಪ್ರಿಂಟು ಹೋಗಬೇಕು, ಬಳ್ಳಾರಿ ಪ್ರೆಸ್ಸಿನವರು ನಾಳೆ ಅಚ್ಚಿನ ಬ್ಲಾಕ್ ಮಾಡಬೇಕು, ಮುಂದಿನ ವಾರ ಪತ್ತಿಕೊಂಡ ಸಂತ್ಯಾಗ ಡಬ್ಬಿ ಇಳೀಬೇಕು. ಆರುನೂರು ಡಬ್ಬಿ! ತುಂಬಿ, ಮುಚ್ಚಳ ಒತ್ತಿ, ಗೋದಾಮಿನಾಗ ಹತ್ತಿ ತುಂಬಿದ ಅಂಡಿಗಿ ಮಗ್ಗಲಾ ಸಾಲಾಗಿ ಕೂಡಿಸೀನಿ. 'ಮಹಾಂತ ಮುಖಕಾಂತಿ ಮುಲಾಮು.' ಹೆಸರು ಐತಿ, ಡಬ್ಬಿ ಐತಿ, ಮೈಮ್ಯಾಲ ಹಚ್ಚೂ ಚೀಟಿ ಒಂದ ಇಲ್ಲ.

ಚೀಟಿ ಹೆಂಗ ಅಂದ್ರ, ಕೇಳ್ರಿ. ಎರಡು ಗಲ್ಲ, ಮಗ್ಗಲಾ ಮಗ್ಗಲಾ. ಒಂದರ ಕೆಳಗ 'ಹಚ್ಚೂಕಿಂತ ಮೊದಲು', ಇನ್ನೊಂದರ ಕೆಳಗ 'ಹಚ್ಚಿದ ಮೇಲೆ'. ಕನ್ನಡದಾಗ ಒಂದು ಸಾಲು, ತೆಲುಗಿನ್ಯಾಗ ಒಂದು ಸಾಲು. ಓದಾಕ ಬರದವರಿಗೂ ತಿಳೀತೈತಿ. ಮೊದಲನೇದಕ್ಕ ನೀವು ತಗದ ಮೊದಲನೇ ಪ್ಲೇಟು, ಎರಡನೇದಕ್ಕ ಎಂಟನೇದು. ಎಂಟನೇದನ್ನ ಮಾತ್ರ ಗಾಜು ತಿರುವಿ ಹಾಕಿ ಪ್ರಿಂಟು ತಗೀರಿ. ಅಂದ್ರ ಆ ಮಗ್ಗಲ ಈ ಮಗ್ಗಲ ಆಗಬೇಕು. ಡಬ್ಬಿ ದುಂಡಗ ಐತಲ್ಲ, ಎರಡೂ ಗಲ್ಲ ಒಂದ ಕಡಿ ಮುಖ ಮಾಡಿದ್ರ ನೋಡಾಕ ಛಂದ. ಏನು, ತಲಿ ಅಲಗ್ಯಾಡಸ್ತೀರಿ? ತಿರುವಿದ್ರ ಪ್ರಿಂಟು ಮಬ್ಬಾಗತೈತಿ ಅಂತ ತಾನ? ಆಗಲಿ. ಒಂದಿಷ್ಟು ಮಬ್ಬು ಇದ್ರ ಚರ್ಮ ಇನ್ನಾ ನುಣ್ಣಗ ಕಾಣತೈತಿ.

ನೀವು ಹಂಗ್ಯಾಕ ನೋಡತೀರಿ? ಈ ಮುಲಾಮಿನ ಹಿಂದ ಎಷ್ಟು ದುಡದೀನಿ ಅಂತ ನಿಮಗ ಅರ್ಧ ಗೊತ್ತೈತಿ. ಇನ್ನರ್ಧ ಹೇಳತೀನಿ.

ಮಹಾಂತಮ್ಮನ ಮುಖ ನಿಮಗ ಗೊತ್ತು. ನನ್ನ ಮಗಳು, ಹದಿನೇಳು ವರ್ಷ, ಮುಖದ ತುಂಬ ಮೊಡವಿ. ಎರಡು ವರ್ಷದಿಂದ. ಮದುವಿ ಮನಿಗೆ ಬಾ ಅಂದ್ರ ಒಲ್ಲೆ, ಮನಿಗೆ ಜಂಗಮರು ಬಂದ್ರ ಹೊರಗ ಬಾ ಅಂದ್ರ ಒಲ್ಲೆ, ಕಿಟಕಿ ಬಲ್ಲೆ ನಿಲ್ಲು ಅಂದ್ರೂ ಒಲ್ಲೆ. ನಮ್ಮವ್ವ ಅಕ್ಕನಾಗಮ್ಮಂದು ಒಂದ ಮಾತು: "ಕಡ್ಲಿಹಿಟ್ಟು ಹಚ್ಚಿ ತಣ್ಣೀರಾಗ ತೊಳಕೊಂಡು ಸುಮ್ಮನ ಕೂಡು ತಂಗಿ, ತಾವ ಹೋಗತಾವ." ಸುಮ್ಮನ ಕೂಡೂದು! ಎಂಬತ್ತು ವರ್ಷದ ಮುದುಕಿ ಹೇಳಬಹುದು. ಕಡ್ಲಿಹಿಟ್ಟು ಎಲ್ಲಾರ ಮನ್ಯಾಗ ಐತಿ, ಸಾಹೇಬ್ರ. ಎಲ್ಲಾರ ಮನ್ಯಾಗ ಇದ್ದದ್ದನ್ನ ಕೊಳ್ಳವರು ಯಾರು?

ಮಗಳ ಸಂಕಟ ಅದು ಮಗಳ ಸಂಕಟ, ನಾ ಇಲ್ಲ ಅನ್ನಲ್ಲ. ಆದ್ರ ನಾ ಒಂದು ದಿನ ಅಂಗಡಿ ಕಟ್ಟಿ ಮ್ಯಾಲ ಕೂತು ಎಣಿಸಿದೆ. ಹೋಗೂ ಬರೂ ಹರೇದವರು, ಗಂಡು ಹೆಣ್ಣು ಎಲ್ಲಾ ಸೇರಿ ನೂರು ಮುಖ. ಮೂವತ್ತೆಂಟಕ್ಕ ಮೊಡವಿ. ಜಿನ್ನಿಂಗ್ ಫ್ಯಾಕ್ಟರಿ ಹುಡುಗರಿಗೆ ಇನ್ನಾ ಜಾಸ್ತಿ, ಧೂಳಿಗೋ ಏನೋ. ಮೂವತ್ತೆಂಟು! ನಮ್ಮ ಆದೋನಿ ಒಂದರಾಗ. ಆಮ್ಯಾಲ ಪತ್ತಿಕೊಂಡ, ಬಳ್ಳಾರಿ, ರಾಯಚೂರು... ನಾ ಮನಿಗೆ ಬಂದು ಮಗಳ ಮುಖ ನೋಡಿದೆ. ಮೊದಲಿನಂಗ ಕಾಣಲಿಲ್ಲ.

ಎತ್ತು ನೋಡಿ ಬಂತು ಮುಲಾಮಿನ ವಿಚಾರ. ಹತ್ತಿಕಾಳು ತಿನ್ನೂ ಎತ್ತಿನ ಮೈ ನೋಡೀರಿಲ್ಲೋ? ಕೈ ಇಟ್ರ ಜಾರತೈತಿ. ಹೊಟ್ಟ್ಯಾಗ ಹೋದ ಕಾಳು ಹೊರಗ ಅಷ್ಟು ಮಿಂಚು ಕೊಡೂದಾದ್ರ, ಅದರ ಎಣ್ಣಿ ತಗದು ನೇರ ಹೊರಗ ಹಚ್ಚಿದ್ರ ಎಷ್ಟು ಕೊಡಬೇಕು? ಕಾಳು ನಮ್ಮಲ್ಲಿ ರಾಶಿ ಬಿದ್ದೈತಿ. ಹತ್ತಿಕಾಳಿನ ಎಣ್ಣಿ, ಗಂಧಕ, ಜೇನುಮೇಣ, ಒಂದಿಷ್ಟು ಕರ್ಪೂರ. ಮತ್ಯಾಕ ನಗತೀರಿ? ಎತ್ತಿಗೆ ಮೊಡವಿ ಬಂದದ್ದು ನೀವು ಎಲ್ಲ್ಯರ ನೋಡೀರೇನು? ಮತ್ತ!

ಅಲ್ಲ, ನಾ ಕಣ್ಣುಮುಚ್ಚಿ ನಂಬೂ ಪೈಕಿ ಅಲ್ಲ. ಮೂವತ್ತು ವರ್ಷ ಹತ್ತಿ ನೋಡೀನಿ. ಹತ್ತಿ ನೋಡೂದಕ್ಕ ಒಂದು ರೀತಿ ಐತಿ. ಉತ್ತರದ ಕಿಟಕಿ ಬೇಕು, ಅಲ್ಲಿ ಬಿಸಲು ನೇರ ಬೀಳೂದಿಲ್ಲ. ಅದ ಜಾಗಾ, ಅದ ಹೊತ್ತು. ಇವತ್ತು ಮುಂಜಾನೆ ನೋಡಿ ನಾಳೆ ಸಂಜಿಗೆ ನೋಡಿದ್ರ ಒಂದ ಹತ್ತಿ ಎರಡು ಹತ್ತಿ ಆಗತೈತಿ. ಮತ್ತ ಒಂದು ಅಂಡಿಗಿಗೆ ಏನರ ಮಾಡಿದ್ರ, ಅದರ ಜೋಡಿ ಅಂಡಿಗಿ ಮುಟ್ಟದಂಗ ಇಡಬೇಕು. ಇಲ್ಲಂದ್ರ ಮಾಡಿದ್ದರಿಂದ ಆತೋ, ತಾನ ಆತೋ, ಹೆಂಗ ಗೊತ್ತಾಗಬೇಕು? ಅದಕ್ಕ ಮಹಾಂತಮ್ಮಗೂ ಅದ ರೀತಿ. ಬಲಗಲ್ಲಕ್ಕ ಮುಲಾಮು. ಎಡಗಲ್ಲಕ್ಕ ಏನೂ ಇಲ್ಲ. ಮೂಗುಬೊಟ್ಟು ಎಡಕ್ಕ ಐತಲ್ಲ, ಗುರ್ತಿಗೆ ಛಲೋ ಆತು: ಮೂಗುಬೊಟ್ಟಿನ ಕಡಿ ಬಿಟ್ಟ ಗಲ್ಲ, ಮೂಗುಬೊಟ್ಟು ಇಲ್ಲದ ಕಡಿ ಹಚ್ಚಿದ ಗಲ್ಲ. ಬಿಟ್ಟ ಗಲ್ಲಕ್ಕ ನಮ್ಮವ್ವ ತನ್ನ ಕಡ್ಲಿಹಿಟ್ಟು ಹಚ್ಚತಿದ್ಳಂತ, ಹಚ್ಚಲಿ ಬಿಡು ಅಂದೆ. ಪ್ರತಿ ಸೋಮವಾರ, ಮುಂಜಾನೆ ಒಂಬತ್ತಕ್ಕ, ನಿಮ್ಮ ಈ ಕಿಟಕಿ ಮುಂದ, ಇದ ಕುರ್ಚಿ ಮ್ಯಾಲ. ಪೌಡರ್ ಇಲ್ಲ, ಬೆನ್ನ ಹಿಂದ ಅರಮನಿ ಬರದ ಪರದೆ ಇಲ್ಲ. ಎಂಟು ವಾರ, ಎಂಟು ಪ್ಲೇಟು. ಯುದ್ಧ ಶುರು ಆದಾಗಿಂದ ಮದ್ರಾಸಿನ ಪ್ಲೇಟು ಬರೂದ ದುಸ್ತರ ಅಂತ ನೀವು ಗೊಣಗಿದ್ರೂ ಬಿಡಲಿಲ್ಲ ನಾ.

ಹುಡುಗಿ ಏನಂದ್ಳು ಗೊತ್ತೇನು ಮೊದಲನೇ ದಿನ? "ಅಪ್ಪಾ, ನಾ ಏನು ಅಂಡಿಗ್ಯೇನು?" ಅಂದ್ಳು. "ಅಂಡಿಗಿ ಆಗಿದ್ರ ಇಷ್ಟು ಮಾತಾಡತಿರಲಿಲ್ಲ" ಅಂದೆ.

ನನ್ನ ಮುಂದ ಮೋಸ ನಡ್ಯೂದಿಲ್ಲ, ಸಾಹೇಬ್ರ, ಊರಿಗೆ ಗೊತ್ತದು. ನಾಗಲದಿನ್ನಿ ನರಸಪ್ಪ ಒಂದ್ಸಲ ಅಂಡಿಗಿ ಬಾಯಾಗ ಬೆಳ್ಳನ ಹತ್ತಿ ಇಟ್ಟು, ನಡುವ ಮಳಿಗೆ ನೆನದು ಕೆಂಪಾದದ್ದನ್ನ ತುರುಕಿಕೊಂಡು ಬಂದಿದ್ದ. ನಾ ಬಾಯಿ ನೋಡಲಿಲ್ಲ. ಮೊಣಕೈ ತನಕ ಕೈ ಹಾಕಿ, ನಡುವಿಂದ ಒಂದು ಹಿಡಿ ಎಳದು, ಅಂವನ ಅಂಗೈ ಮ್ಯಾಲ ಇಟ್ಟೆ. ಇಟ್ಟು ಸುಮ್ಮನ ನಿಂತೆ. ಬೈಲಿಲ್ಲ, ಕೇಳಲಿಲ್ಲ. ಬೈದ್ರ ಅಂವನೂ ಬೈತಾನ, ಕೇಳಿದ್ರ ಸುಳ್ಳು ಹೇಳತಾನ. ಕೈಯಾಗ ಇಟ್ಟು ಸುಮ್ಮನಾದ್ರ ಏನೂ ಮಾಡಾಕ ಬರೂದಿಲ್ಲ ಮನುಷ್ಯಾಗ. ಒಂದು ಬೀಡಿ ಸೇದೂ ಹೊತ್ತಿನ್ಯಾಗ ಎಲ್ಲಾ ಹೇಳಿಬಿಟ್ಟ, ಯಾವ ಹೊಲ, ಯಾವ ಮಳಿ, ಯಾರು ತುಂಬಿದ್ದು, ಎಲ್ಲಾ.

ನಿಮ್ಮ ಜೋಡಿ ಮಾತ್ರ ಬೈದಾಡಿದೆ, ಮೊದಲನೇ ಸೋಮವಾರ. ನೆನಪೈತಿಲ್ಲೋ? ಪ್ರಿಂಟು ಕೊಟ್ರಿ, ನೋಡತೀನಿ, ಒಂದೂ ಮೊಡವಿ ಇಲ್ಲ! ಮುಲಾಮಿನ ಮುಚ್ಚಳ ಇನ್ನಾ ತಗದಿಲ್ಲ, ಅಷ್ಟರಾಗ ಕಾಯಿಲೆ ವಾಸಿ ಆಗಿಬಿಟ್ಟೈತಿ. "ಚಂದ್ರಣ್ಣೋರ, ಇದು ನಮ್ಮ ರಿವಾಜು, ಹೆಣ್ಣಮಕ್ಕಳ ಪ್ಲೇಟು ಬಂದ್ರ ಕೈ ತಾನ ಪೆನ್ಸಿಲಿಗೆ ಹೋಗತೈತಿ" ಅಂದ್ರಿ. ಪ್ಲೇಟು ಬೆಳಕಿಗೆ ಹಿಡದು ತೋರಿಸಿದ್ರಿ. ಗಾಜಿನ ಮ್ಯಾಲ ಎಲ್ಲಾ ಉಲ್ಟಾ, ಮುಖ ಕರ್ರಗ, ಮೊಡವಿ ಬೆಳ್ಳಗ, ಎರಿ ಹೊಲದಾಗ ಹತ್ತಿ ಅರಳಿದಂಗ. ನೀವು ಪೆನ್ಸಿಲ್ ಮೊನಿಯಿಂದ ಒಂದೊಂದ, ಒಂದೊಂದ, ಬಿಡಸಿಬಿಟ್ಟಿದ್ರಿ. ನಾ ಏನಂದೆ? "ಮೌಲಾಲಿ, ಮುಲಾಮು ಯಾತಕ್ಕ, ನಿನ್ನ ಪೆನ್ಸಿಲ್ಲ ಡಬ್ಬ್ಯಾಗ ಹಾಕಿ ಮಾರೂಣು" ಅಂದೆ. ಆ ಗಾಜು ಹೊರಗ ಇಟ್ಟು, ಅವತ್ತ ಇನ್ನೊಂದು ತಗಸಿದೆ. ಮಗಳ ಪ್ಲೇಟಿಗೆ ಪೆನ್ಸಿಲ್ ಮುಟ್ಟಸಬಾರದು ಅಂತ ನಿಮ್ಮ ಕಡಿಂದ ಮಾತು ತಗೊಂಡೆ. ನಾನ ತಗೊಂಡದ್ದು. ಇದನ್ನ ನೆನಪು ಇಟಕೋರಿ. ಮೋಸ ಮಾಡೂ ಮನುಷ್ಯಾ ಹಂಗ ಮಾತು ತಗೊಳ್ಳತಾನೇನು?

ಹಾಂ, ತಂದ್ರ್ಯಾ ಪೆಟಗಿ? ಇಡ್ರಿ ಇಲ್ಲಿ. ಒಂದನೇದು ಇದು. ಎಂಟನೇದು ತಗೀರಿ. ನಡುವಿನವು ಬ್ಯಾಡ. ಎಲ್ಲಾ ಯಾಕ ಹರವತೀರಿ?

ಆಗಲಿ, ಹರವಿದ್ರ ಹರವಿರಿ. ಎರಡನೇದು, ಮೂರನೇದು, ನಾಕನೇದು. ನೋಡ್ರಿ, ನೋಡ್ರಿ ಪ್ರಿಂಟು! ಹಚ್ಚಿದ ಗಲ್ಲ ಹೆಂಗ ಐತಿ? ಬೆಳಗಿದ ಹಿತ್ತಾಳಿ ಚರಿಗಿ ಇದ್ದಂಗ. ಒಂದರ ಮೊಡವಿ ಕಾಣತೈತೇನು? ಬಿಟ್ಟ ಗಲ್ಲದಾಗ ಎಣಿಸಬಹುದು. ನಾನ ಕೈಯಾರೆ ಹಚ್ಚಿ, ತಿಕ್ಕಿ, ಒಣಗೂದ್ರಾಗ ಟಾಂಗಾದಾಗ ಕೂಡಿಸಿಕೊಂಡು ಬರತಿದ್ದೆ. ನಾಕನೇ ಪ್ರಿಂಟು ಕಿಸೇದಾಗ ಇಟಕೊಂಡು ಪತ್ತಿಕೊಂಡಕ್ಕ ಹೋದೆ. ಅಲ್ಲಿ ಶ್ರೀರಾಮುಲು, ಸಂತ್ಯಾಗ ದೊಡ್ಡ ಅಂಗಡಿ ಅಂವಂದು, ಕನ್ನಡಕ ಏರಿಸಿ ನೋಡಿದ. "ಮೊಟಿಮಲು ಯಾಡಿಕಿ ಪೋಯಿನಾಯಿ?" ಅಂದ. ಮೊಡವಿ ಎಲ್ಲಿಗೆ ಹೋದ್ವು ಅಂತ ನನ್ನ ಕೇಳತಾನ! "ಡಬ್ಬಿ ತಂದ ಮ್ಯಾಲ ನಿನ್ನ ಗಿರಾಕಿನ್ನ ಕೇಳು" ಅಂದೆ. ಆರುನೂರು ಅಂದ. ಕೈ ಮ್ಯಾಲ ಕೈ ಹಾಕಿದೆ.

ಮೂವತ್ತು ವರ್ಷದಾಗ ನಾ ಕೈ ಹಾಕಿದ ಮಾತು ಹಿಂದಕ್ಕ ತಗೊಂಡಿಲ್ಲ. ಒಂದ್ಸಲಾನೂ ಇಲ್ಲ.

ಅದ ಖುಷಿಗೆ ಅಲ್ಲೇನು ನಿಮಗೂ ಒಂದು ಡಬ್ಬಿ ಕೊಟ್ಟದ್ದು? ಮೊದಲನೇ ಸಾಲಿನ ಡಬ್ಬಿ, ಇಟಕೋರಿ ಅಂತ. ಅಲ್ಲಿ ಗೂಡಿನ್ಯಾಗ ಇಟ್ಟೀರಲ್ಲ, ಅದ.

ಇದು ಐದನೇದು. ಬಿಡ್ರಿ, ಇದು ಲೆಕ್ಕಕ್ಕಿಲ್ಲ. ಆವತ್ತು ಮೋಡ ಇತ್ತು.

ಏನು? ಇರಲಿಲ್ಲ? ಗಾಜಿನ ಅಂಚಿಗೆ ತಾರೀಖು ಗೀಚಿದ್ದು ಯಾಕ ತೋರಿಸ್ತೀರಿ, ತಾರೀಖು ನನಗೂ ಗೊತ್ತೈತಿ. ತಾರೀಖು ಇದ್ದ ದಿನ ಮೋಡ ಬರಬಾರದೇನು? ಆತು, ಬಿಸಲಿತ್ತು. ಬಿಸಲಿತ್ತು ಅಂತನ ಇಟಕೋರಿ. ನೀವ ತಾನ ಆವತ್ತು ತಗಾದಿ ತಗದದ್ದು? ಕರೀ ಬಟ್ಟಿಯೊಳಗಿಂದ ತಲಿ ಹೊರಗ ಹಾಕಿ, "ಚಂದ್ರಣ್ಣೋರ, ಎಣ್ಣಿ ಮ್ಯಾಲ ಬೆಳಕು ಕೂತೈತಿ, ಬರೇ ಮಿಂಚು ಬರಾಕತ್ತೈತಿ, ಕೆಳಗಿನ ಚರ್ಮ ಕಾಣವಲ್ಲದು. ಹುಡುಗಿ ಮುಖ ತೊಳಕೊಂಡು ಬರಲಿ" ಅಂದ್ರಿ. ನಾಕು ವಾರ ಇಲ್ಲದ ಮಿಂಚು ಐದನೇ ವಾರ ಎಲ್ಲಿಂದ ಬಂತು ಅಂತ ನಾ ಕೇಳಿದೆ. ನಾಕು ವಾರಾನೂ ಇತ್ತು ಅಂದ್ರಿ. ಆತು ಬಿಡು, ತೊಳಕೋ ತಂಗಿ ಅಂದೆ. ಅಲ್ಲಿ, ಆ ಕೊಳಗದ ನೀರಾಗ ತೊಳಕೊಂಡ್ಳು. ಸೆರಗಿನಾಗ ಒರಸಿಕೊಂಡ್ಳು. ಬಂದು ಕುರ್ಚಿ ಮ್ಯಾಲ ಕೂತ್ಳು.

ಕೂತ್ಳು.

ತಣ್ಣೀರು ತಾಕಿದ್ರ ಯಾರ ಮುಖ ಆದ್ರೂ ಒಂದಿಷ್ಟು ಕೆಂಪಾಗತೈತಿ ಬಿಡ್ರಿ. ಆ ಪ್ಲೇಟು ಮಕಾಡೆ ಹಾಕ್ರಿ. ಗಾಡಿ ಹೊತ್ತಾಗತೈತಿ.

ಎಂಟನೇದು ತಗೋರಿ. ಇದರಾಗ ಗಲ್ಲ ಯಾವುದು ಅಂದ್ರ... ಮೂಗುಬೊಟ್ಟಿನ ಕಡಿದು. ಹೂಂ, ಆ ಕಡಿದ. ಅದನ್ನ ತಿರುವಿ ಹಾಕಿದ್ರ ಈ ಕಡಿದಂಗ ಬರತೈತಿ. ಮೂಗು ಕತ್ತರಿಸಿಬಿಡ್ರಿ, ಮೂಗುಬೊಟ್ಟು ಕಾಣಬಾರದು.

ಯಾಕ ನಿಂತ್ರಿ?

ಪೆನ್ಸಿಲ್ ಮುಟ್ಟಸ್ರಿ ಅಂತ ಹೇಳಲಿಲ್ಲ ನಾ. ನಮ್ಮ ಮಾತು ಅದ ಇದ್ದದ್ದು, ಪೆನ್ಸಿಲ್ ಮುಟ್ಟಸಬಾರದು. ಒಂದು ಗೆರಿ ಎಳದಿಲ್ಲ, ಒಂದು ಚುಕ್ಕಿ ಅಳಿಸಿಲ್ಲ. ಎರಡೂ ಗಲ್ಲ ಆಕಿಯವ, ಎರಡೂ ಖರೇವ. ಮೊದಲು ಹಂಗಿತ್ತು, ಈಗ ಹಿಂಗ ಐತಿ. ಇದರಾಗ ಸುಳ್ಳು ಯಾವುದು, ಬೊಟ್ಟಿಟ್ಟು ತೋರಿಸ್ರಿ. ಗಾಜು ತಿರುವಿದ್ರ ಸುಳ್ಳಾಗತೈತೇನು? ನಿಮ್ಮ ಕ್ಯಾಮೆರಾದಾಗ ಇಡೀ ಮನುಷ್ಯಾನ ತಲಿಕೆಳಗಾಗಿ ಕಾಣತಾನ, ಅದಕ್ಕ ಯಾರರ ನಿಮ್ಮನ್ನ ಸುಳ್ಳುಗಾರ ಅಂದಾರೇನು?

ಈಗರ ಬಾಯಾಗಿನ ಪೆನ್ಸಿಲ್ ತಗೀರಿ, ಮಾತಾಡ್ರಿ. ತಗದ್ರಿ. ಹಾಂ. ಹೇಳ್ರಿ.

...ಹೇಳ್ರಿ ಅಂದೆ.

ನೀವು ಆ ಖಾಲಿ ಕುರ್ಚಿ ನೋಡತೀರಿ. ನಿನ್ನಿ ಒಂಬತ್ತನೇ ಸೋಮವಾರ ಇತ್ತು, ಹುಡುಗಿ ಯಾಕ ಬರಲಿಲ್ಲ ಅಂತ ತಾನ? ಪೆದ್ದಹರಿವಾಣಕ್ಕ ಹೋಗ್ಯಾಳ. ಅತ್ತಿ ಮನಿಗೆ... ಅಂದ್ರ ನನ್ನ ತಂಗಿ ಮನಿಗೆ. ನಿನ್ನಿ ಮುಂಜಾನಿ ಬಂಡಿಗೆ. ಏನು ಕಿಟಕಿ ಕಡಿ ಕೈ ತೋರಿಸ್ತೀರಿ? ನಿಮ್ಮ ಮನ್ಯಾಕಿ ನಿನ್ನಿ ನಮ್ಮ ಹಿತ್ತಲದಾಗ ಆಕಿನ್ನ ನೋಡಿದ್ಳಾ? ಮೋತಿ ಮ್ಯಾಲ ಸೆರಗು ಎಳಕೊಂಡಿದ್ಳಾ?

ಬಿಸಲಿಗೆ ಎಳಕೊಂಡಿರಬೇಕು. ಹೆಣ್ಣಮಕ್ಕಳು ಸೆರಗು ಎಳಕೊಳ್ಳದ ಮತ್ತ ಏನು ಎಳಕೊಳ್ಳತಾರ.

ಆತು, ಹೋಗಿಲ್ಲ. ಮನ್ಯಾಗ ಅದಾಳ. ಬರೂದಿಲ್ಲ ಅಂದ್ಳು, ಬರಲಿಲ್ಲ. ಎಂಟು ಪ್ಲೇಟು ಸಾಕು ಅಂತ ನಾನೂ ಸುಮ್ಮನಾದೆ. ಮನ್ಯಾಗ ಆರಾಮ ಅದಾಳ. ಉಣ್ಣಾಕ ಕೂತ್ರ ಈಗ ನನ್ನ ಬಲಕ್ಕ ಕೂಡತಾಳ. ಮೊದಲು ಎಡಕ್ಕ ಕೂಡತಿದ್ಳು, ಸಣ್ಣಾಕಿ ಇದ್ದಾಗಿಂದ ಅಲ್ಲೇ. ಈಗ ಬಲಕ್ಕ. ಹಂಗ ಕೂತ್ರ ನನಗ ಆಕಿ ಮೂಗುಬೊಟ್ಟಿನ ಗಲ್ಲ ಕಾಣತೈತಿ. ಅದು ಎಷ್ಟು ತಿಳಿ ಆಗೈತಿ ಅಂತೀರಿ! ಒಂದು ಕಲೆ ಇಲ್ಲ. ನಾನೂ ಆಕಿ ಕಡಿ ತಿರುಗಿ ಅದನ್ನ ನೋಡಕೋತ ಉಣ್ಣತೀನಿ. ಆಕಿಗೂ ಆರಾಮ, ನನಗೂ ಆರಾಮ.

ಮತ್ತ ಎಲ್ಲಿಗೆ ಎದ್ರಿ? ಗೂಡಿಗೆ ಯಾಕ ಕೈ ಹಾಕಿದ್ರಿ? ನಮ್ಮ ಡಬ್ಬಿ ಅದು. ನನಗ ಯಾಕ ಕೊಡತೀರಿ, ನಿಮ್ಮದು ಅದು, ಕೊಟ್ಟದ್ದನ್ನ ನಾ ವಾಪಸ್... ಹಗೂರ ಐತಲ್ಲ.

ಖಾಲಿ ಆಗಾಕ ಬಂದೈತಿ.

ನೀವು ಹಚ್ಚಿಕೊಳ್ಳತೀರೇನು? ನಿಮಗ ನಲವತ್ತು ದಾಟ್ಯಾವ, ಮುಖದ ತುಂಬ ಗಡ್ಡ, ನಿಮಗ ಎಲ್ಲಿ ಮೊಡವಿ. ನಿಮ್ಮ ಮನ್ಯಾಕಿ... ಅಲ್ಲ.

ಆ ಪರದೆ ಹಿಂದ ಬಳಿ ಸಪ್ಪಳ ಆತು. ಯಾರದಾರ ಒಳಗ? ಹುಸೇನ್ಬಿ? ನಿಮ್ಮ ಮಗಳು ಹುಸೇನ್ಬೀನಾ? ಆಕಿ ಇನ್ನಾ ಸಣ್ಣಾಕಿ ಅಲ್ಲೇನು... ಹದಿನೈದಾ? ಯಾವಾಗ ಆತು ಹದಿನೈದು!

ಎಷ್ಟು ದಿನದಿಂದ?

ಬೊಟ್ಟು ಎತ್ತಿ ತೋರಿಸ್ತೀರಿ. ಐದು ವಾರ. ನಿಮಗೂ ಹೇಳದ ಹಚ್ಚಿಕೊಂಡಾಳೇನು? ನಾ ಡಬ್ಬಿ ಕೊಟ್ಟ ವಾರದಿಂದ. ನಾಕು ಪ್ರಿಂಟು ಒಣಗಸಾಕ ಹಾಕಿದ್ದನ್ನ ನೋಡಿರಬೇಕು ಆಕಿ. ಚರಿಗಿ ಇದ್ದಂಗ ಮಿಂಚೂ ಗಲ್ಲ ನೋಡಿ ತಾನೂ ಹಚ್ಚಿಕೊಂಡಿರಬೇಕು... ಎರಡೂ ಕಡಿ ಹಚ್ಚತಾಳೇನು? ಆಕಿಗೆ ಯಾರು ಒಂದ ಗಲ್ಲ ಅಂತ ಹೇಳಬೇಕು. ಎರಡೂ ಕಡೀನ ಹಚ್ಚತಾಳ.

ಉರಿ ಅಂತಾಳೇನು?

ಯಾಕ ಸುಮ್ಮನ ನಿಂತ್ರಿ, ಮೌಲಾಲಿ? ಬೈರಿ. ಏನರ ಅನ್ರಿ. ಡಬ್ಬಿ ನನ್ನ ಅಂಗೈ ಮ್ಯಾಲ ಇಟ್ಟು ಹಿಂಗ... ಇದನ್ನ ನಾನ ಹೇಳಿದ್ದೆ ಅಲ್ಲ, ಈಗ. ಈ ಕುರ್ಚಿ ಬಲ್ಲೆ ನಿಂತು ನಾನ ಹೇಳಿದೆ.

ನನಗೂ ಗೊತ್ತಿರಲಿಲ್ಲ. ನಾಕನೇ ವಾರದ ತನಕ ನನಗೂ ಗೊತ್ತಿರಲಿಲ್ಲ, ಅದು ಖರೇ. ಮಿಂಚು ನೋಡಿ ವಾಸಿ ಅನ್ಕೊಂಡೆ. ಹತ್ತಿ ಮ್ಯಾಲ ನೀರು ಹೊಡದು ತಂದ್ರ ಆ ಮಿಂಚು ನನಗ ಹತ್ತು ಮಾರು ದೂರದಿಂದ ಗೊತ್ತಾಗತೈತಿ, ಮಗಳ ಮುಖದ ಮ್ಯಾಲಿಂದು ಗೊತ್ತಾಗಲಿಲ್ಲ. ನಿಮಗ ಡಬ್ಬಿ ಕೊಟ್ಟಾಗ ನಾ ಒಳ್ಳೇ ಮನಸಿನಿಂದ ಕೊಟ್ಟೆ.

ಹೂಂ. ಆ ಮಕಾಡೆ ಹಾಕಿದ್ದನ್ನ ಎತ್ತತೀರಿ. ಐದನೇದು. ಕಿಟಕಿಗೆ ಹಿಡೀಬ್ಯಾಡ್ರಿ, ನಾ ನೋಡೀನಿ. ಮೂಗುಬೊಟ್ಟು ಇಲ್ಲದ ಗಲ್ಲದ ತುಂಬ ಹತ್ತಿ ಅರಳೈತಿ. ಮೊದಲನೇ ವಾರಕ್ಕಿಂತ ದುಪ್ಪಟ್ಟು. ಬಿಟ್ಟ ಗಲ್ಲದಾಗ ನಾಕೋ ಐದೋ. ಮುಖ ತೊಳಕೊಂಡು ಆ ಕುರ್ಚಿ ಮ್ಯಾಲ ಕೂತಾಗ ನೀವೂ ನೋಡಿದ್ರಿ, ನಾನೂ ನೋಡಿದೆ. ಪ್ಲೇಟು ತೊಳ್ಯೂ ತನಕ ಕಾಯೂದ ಬೇಕಿರಲಿಲ್ಲ.

ಮೋಡ ಇರಲಿಲ್ಲ.

ಆವತ್ತು ಟಾಂಗಾದಾಗ ಆಕಿ ಅಂದ್ಳು. "ಅಪ್ಪಾ, ಎರಡು ವಾರದಿಂದ ಉರೀತೈತಿ, ಬ್ಯಾಡ ಇನ್ನ" ಅಂದ್ಳು. ನಾ ಏನಂದೆ ಗೊತ್ತೇನು? "ಎಂಟು ವಾರ ಅಂತ ಮಾತಾಗೈತಿ, ಎಂಟು ವಾರ ನೋಡೂಣು" ಅಂದೆ. ಶ್ರೀರಾಮುಲು ಕೈ ಮ್ಯಾಲ ಕೈ ಹಾಕಿ ಬಂದು ಆರು ದಿನ ಆಗಿತ್ತು. ಆರನೇ ವಾರ ಹಚ್ಚಿದೆ. ಏಳನೇ ವಾರ ಹಚ್ಚಿದೆ. ಎಂಟನೇ ವಾರ ಆಕಿ ಕಣ್ಣು ಮುಚ್ಚಿಕೊಂಡು ಮುಖ ಕೊಟ್ಳು. ನಾನ ಹಚ್ಚಿದೆ, ಈ ಬೊಟ್ಟಿಲೆ. ಗೊತ್ತಿದ್ದ ಹಚ್ಚಿದೆ.

ಸಾಕೇನು? ಇನ್ನಾ ಐತಿ. ಆಮ್ಯಾಲಿನ ನಾಕು ಸೋಮವಾರಾನೂ ಇಲ್ಲಿಗೆ ಬಂದಾಗ ಆ ಗೂಡಿನ್ಯಾಗ ಡಬ್ಬಿ ಕಾಣತಿತ್ತು ನನಗ. ಪ್ರತಿ ವಾರ ಜಾಗಾ ಒಂದಿಷ್ಟು ಬದಲಾಗಿರತಿತ್ತು. ಯಾರೋ ತಗದು ಇಡಾಕತ್ತಾರ ಅಂತ ಗೊತ್ತಾಗತಿತ್ತು. ಅಂಗಡಿಯವನ ಕಣ್ಣು, ಸಾಮಾನು ಜಾಗಾ ಬದಲಾದ್ರ ಕಾಣದ ಇರತೈತೇನು? ಯಾರು ಅಂತ ನಾ ಕೇಳಲಿಲ್ಲ. ಕೇಳಿದ್ರ ನೀವು ಹುಡುಕಿ ಹೇಳತಿದ್ರಿ. ಹೇಳಿದ್ರ ನಾ ಬ್ಯಾಡ ಅನ್ನಬೇಕಾಗತಿತ್ತು. ನಿಮಗ ಬ್ಯಾಡ ಅಂದು, ಶ್ರೀರಾಮುಲುಗೆ ಆರುನೂರು ಹೆಂಗ ಕಳಿಸಲಿ?

ಎಂಟನೇದು ತಿರುವಬ್ಯಾಡ್ರಿ. ಇದ್ದಂಗ ಪೆಟಗ್ಯಾಗ ಇಡ್ರಿ. ಒಂದನೇದೂ ಇಡ್ರಿ. ಬಳ್ಳಾರಿಗೆ ಏನೂ ಹೋಗೂದಿಲ್ಲ ಇವತ್ತು. ಡಬ್ಬ್ಯಾಗಿಂದು... ಬಂಡಿ ಕೀಲಿಗೆ ಬಳಿಯೂದು, ಅಲ್ಲಿ ಎಣ್ಣಿ ಬೇಕ ಬೇಕು, ಗಾಲಿ ಸಪ್ಪಳ ಆಗದಂಗ ಹೊರಳತಾವ. ಕೀಲಿಗೆ ಮೋತಿ ಇಲ್ಲ, ಚೀಟಿ ಬೇಕಾಗಿಲ್ಲ. ಶ್ರೀರಾಮುಲುಗೆ ನಾನ ಹೋಗಿ ಹೇಳತೀನಿ. ಮೂವತ್ತು ವರ್ಷದಾಗ ಒಂದ್ಸಲ.

ಐದನೇ ಪ್ಲೇಟು ಮಾತ್ರ ನನಗ ಕೊಡ್ರಿ. ಮನಿಗೆ ಒಯ್ಯತೀನಿ. ಆಕಿಗೆ ತೋರಿಸಾಕಲ್ಲ, ಆಕಿ ಕನ್ನಡ್ಯಾಗ ನೋಡ್ಯಾಳ. ನಾ ನೋಡೀನಿ ಅಂತ ಆಕಿಗೆ ಗೊತ್ತಾಗಬೇಕು. ಇವತ್ತು ಉಣ್ಣಾಕ ಎಡಕ್ಕ ಕೂಡು ಅಂತೀನಿ. ಕೂಡತಾಳೋ ಇಲ್ಲೋ.

ನೀವು ಮಾತಾಡೂದಿಲ್ಲ. ಆತು. ಮಾತಾಡಬ್ಯಾಡ್ರಿ. ಪರದೆ ಒಂದಿಷ್ಟು ಸರಸ್ರಿ. ಬ್ಯಾಡ, ಹಂಗ ಇರಲಿ, ಮೋತಿ ತೋರಿಸಾಕ ಆಕಿಗೂ ಸಂಕೋಚ ಆದೀತು. ಇಲ್ಲಿಂದನ ಹೇಳತೀನಿ, ಕೇಳತೈತಿ.

ಹುಸೇನ್ಬೀ... ತಾಯಿ, ನಾ ಚಂದ್ರಣ್ಣ. ಮುಲಾಮಿನ ಚಂದ್ರಣ್ಣ. ಕೊಳಗದಾಗ ತಣ್ಣೀರು ಐತಿ ನೋಡು.

ಹೋಗು, ಮುಖ ತೊಳಕೋ.